ಎಸ್‌ಕ್ಯೂಲೈಟ್‌ನಲ್ಲಿ ಸರಳತೆ ಮತ್ತು ವೇಗ: ಪದೇ ಪದೇ ಕೇಳುವ ಪ್ರಶ್ನೆಗಳು

ಮೊಬೈಲ್ ಆಪ್, ಅಂಗಡಿಯ ಬಿಲ್ಲಿಂಗ್, ಸಹಕಾರ ಸಂಘದ ಲೆಕ್ಕ, ಸಣ್ಣ ಜಾಲತಾಣ ಮುಂತಾದವನ್ನು ಕಟ್ಟುವವರಿಗಾಗಿ ಈ ಪುಟ. ಎಸ್‌ಕ್ಯೂಲೈಟ್ ಎಂದರೆ ಸರ್ವರ್ ಬೇಡದ, ಪ್ರೋಗ್ರಾಂ ಒಳಗೇ ಸೇರಿಕೊಳ್ಳುವ ಡೇಟಾಬೇಸ್. ಎಸ್‌ಕ್ಯೂಎಲ್‌ನ ಮೂಲ ಪರಿಚಯ ಇದ್ದರೆ ಸಾಕು.

ಸರಳತೆ ಮತ್ತು ವೇಗದ ಮಾತಿಗೆ ಎಸ್‌ಕ್ಯೂಲೈಟನ್ನೇ ಏಕೆ ಉದಾಹರಣೆ ಮಾಡಿಕೊಂಡಿರಿ?

ಅದು ಆಗಲೇ ನಿಮ್ಮ ಕೈಯಲ್ಲಿದೆ, ಅದಕ್ಕೆ. ಆಂಡ್ರಾಯ್ಡ್ ಮತ್ತು ಐಫೋನ್, ಕ್ರೋಮ್ ಮತ್ತು ಫೈರ್‌ಫಾಕ್ಸ್ ಎಲ್ಲದರೊಳಗೂ ಎಸ್‌ಕ್ಯೂಲೈಟ್ ಕೆಲಸ ಮಾಡುತ್ತಿರುತ್ತದೆ. ಇಲ್ಲಿ ಹೇಳಿದ್ದನ್ನು ನೀವೇ ಪರೀಕ್ಷಿಸಿ ನೋಡಬಹುದು.

ಇನ್ನೊಂದು ಕಾರಣವೂ ಇದೆ. ಸರಳತೆ ಬೇಕಾದರೆ ವೇಗವನ್ನು ಸ್ವಲ್ಪ ಬಿಟ್ಟುಕೊಡಬೇಕು, ವೇಗ ಬೇಕಾದರೆ ಕೋಡು ಗೋಜಲಾಗುವುದನ್ನು ಸಹಿಸಬೇಕು ಎಂದು ಬಹಳ ಜನ ನಂಬಿದ್ದಾರೆ. ಎಸ್‌ಕ್ಯೂಲೈಟ್‌ನಲ್ಲಿ ವೇಗದ ದೊಡ್ಡ ಪಾಲು ಬಂದಿರುವುದು ಮಾಡಬೇಕಾದ ಕೆಲಸವನ್ನೇ ವಿನ್ಯಾಸದಲ್ಲಿ ಇಲ್ಲವಾಗಿಸಿದ್ದರಿಂದ. ಹಾಗೆ ಇಲ್ಲವಾಗಿಸಿದಾಗ ಏನೇನು ಕಳೆದುಹೋಯಿತು ಎಂಬುದೂ ಅಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಎರಡನ್ನೂ ತಿಳಿದವರು ಮಾತ್ರ ಇದನ್ನು ಸರಿಯಾದ ಕಡೆ ಬಳಸಬಲ್ಲರು.

ಇದು ಹುಟ್ಟಿದ್ದು ಹೇಗೆ?

2000ದಲ್ಲಿ, ಅಮೆರಿಕದಲ್ಲಿ. ಡಿ. ರಿಚರ್ಡ್ ಹಿಪ್ ಅವರು ಅಲ್ಲಿನ ನೌಕಾಪಡೆಯ ಯುದ್ಧನೌಕೆಗಳಿಗೆ ಬೇಕಾದ ಒಂದು ತಂತ್ರಾಂಶದ ಮೇಲೆ ಕೆಲಸ ಮಾಡುತ್ತಿದ್ದರು. ಅದು ಇನ್‌ಫಾರ್ಮಿಕ್ಸ್ ಎಂಬ ಡೇಟಾಬೇಸ್ ಸರ್ವರನ್ನು ನೆಚ್ಚಿಕೊಂಡಿತ್ತು. ಸರ್ವರ್ ಏಳದಿದ್ದರೆ ಆಪ್ ಕೂಡ ಏಳುತ್ತಿರಲಿಲ್ಲ. ಓದಬೇಕಾದ ಡೇಟಾ ಅದೇ ಯಂತ್ರದ ಡಿಸ್ಕ್‌ನಲ್ಲಿದ್ದರೆ ನಡುವೆ ಸರ್ವರ್ ಯಾಕಿರಬೇಕು ಎಂಬ ಪ್ರಶ್ನೆಯಿಂದ ಎಸ್‌ಕ್ಯೂಲೈಟ್ ಹುಟ್ಟಿತು. ಇಂದಿನ ಫೈಲ್ ರೂಪ 2004ರ ಮೂರನೆಯ ಆವೃತ್ತಿಯದು. ಅಂದು ಬರೆದ ಫೈಲನ್ನು ಇಂದಿನ ಆವೃತ್ತಿಯೂ ಓದುತ್ತದೆ. ಕೋಡು ಸಾರ್ವಜನಿಕ ಸ್ವತ್ತು, ಬಳಸಲು ಯಾವ ಪರವಾನಗಿಯೂ ಬೇಡ.

ಸರ್ವರ್ ಇಲ್ಲದಿದ್ದರೆ ವೇಗ ಹೇಗೆ ಹೆಚ್ಚುತ್ತದೆ?

ಸರ್ವರ್ ಇರುವ ಡೇಟಾಬೇಸಿಗೆ ಒಂದು ಕ್ವೆರಿ ಕಳಿಸಿದಾಗ ನಡೆಯುವುದನ್ನು ಗಮನಿಸಿ. ನಿಮ್ಮ ಪ್ರೋಗ್ರಾಂ ಸಂದೇಶವನ್ನು ಕಟ್ಟಿ ಸಾಕೆಟ್‌ಗೆ ಬರೆಯುತ್ತದೆ, ಆಪರೇಟಿಂಗ್ ಸಿಸ್ಟಂ ಸರ್ವರನ್ನು ಎಬ್ಬಿಸುತ್ತದೆ, ಸರ್ವರ್ ಅದನ್ನು ಬಿಚ್ಚಿ ಉತ್ತರ ಕಟ್ಟಿ ಮರಳಿಸುತ್ತದೆ, ನಿಮ್ಮ ಪ್ರೋಗ್ರಾಂ ಮತ್ತೆ ಬಿಚ್ಚುತ್ತದೆ. ಹುಡುಕುವ ಕೆಲಸಕ್ಕಿಂತ ಈ ಹೋಗಿಬರುವ ಕೆಲಸವೇ ಎಷ್ಟೋ ಸಲ ದೊಡ್ಡದು. ಎಸ್‌ಕ್ಯೂಲೈಟ್ ನಿಮ್ಮ ಪ್ರೋಗ್ರಾಂ ಒಳಗೇ ಸೇರಿಕೊಳ್ಳುವ ಲೈಬ್ರರಿ. ಕ್ವೆರಿ ಎಂದರೆ ಒಂದು ಫಂಕ್ಷನ್ ಕರೆ, ಅಷ್ಟೇ.

ಇದರಿಂದ ಕೋಡು ಬರೆಯುವ ರೀತಿಯೂ ಬದಲಾಗುತ್ತದೆ. ಸರ್ವರ್ ಡೇಟಾಬೇಸ್ ಬಳಸುವವರು ಒಂದು ಪುಟ ತೋರಿಸಲು ನೂರು ಸಣ್ಣ ಕ್ವೆರಿ ಮಾಡುವುದನ್ನು ದೋಷವೆಂದೇ ಎಣಿಸುತ್ತಾರೆ, ಆ ಎಣಿಕೆ ಸರಿಯೂ ಹೌದು. ಎಸ್‌ಕ್ಯೂಲೈಟ್‌ನಲ್ಲಿ ಒಂದು ಪುಟಕ್ಕೆ 200 ಸಣ್ಣ ಕ್ವೆರಿಗಳಾದರೂ ತೊಂದರೆಯಿಲ್ಲ. ಐದು ಟೇಬಲ್‌ಗಳನ್ನು ಹೆಣೆದ ಒಂದು ಭಾರೀ ಕ್ವೆರಿಯ ಬದಲು, ಓದಿದರೆ ಅರ್ಥವಾಗುವ ಸಣ್ಣ ಕ್ವೆರಿಗಳನ್ನು ಬರೆಯುವ ಸ್ವಾತಂತ್ರ್ಯ ಸಿಗುತ್ತದೆ.

ನೇರ ಫೈಲಿಗಿಂತಲೂ ಡೇಟಾಬೇಸ್ ವೇಗವಾಗಿರಲು ಸಾಧ್ಯವೇ?

ಸಣ್ಣ ತುಣುಕುಗಳಾದರೆ ಸಾಧ್ಯ. ಸುಮಾರು 10 ಕೆಬಿ ಗಾತ್ರದ ಪುಟ್ಟ ಚಿತ್ರಗಳನ್ನು ಬೇರೆ ಬೇರೆ ಫೈಲ್‌ಗಳಾಗಿ ಇಟ್ಟು ಓದುವುದಕ್ಕಿಂತ ಒಂದೇ ಎಸ್‌ಕ್ಯೂಲೈಟ್ ಫೈಲಿನಿಂದ ಓದುವುದು ಸುಮಾರು 35% ವೇಗ ಎಂದು ಎಸ್‌ಕ್ಯೂಲೈಟ್ ತಂಡವೇ ಅಳೆದು ತೋರಿಸಿದೆ. ಜಾಗವೂ ಸುಮಾರು 20% ಕಡಿಮೆ. ಬೇರೆ ಬೇರೆ ಫೈಲ್‌ಗಳಾದರೆ ಪ್ರತಿಯೊಂದನ್ನೂ ತೆರೆದು ಮುಚ್ಚಬೇಕು, ಇಲ್ಲಿ ತೆರೆಯುವುದು ಒಂದೇ ಸಲ. ವೇಗದ ಕಾರಣ ಅದೇ.

ಸುಮಾರು 100 ಕೆಬಿ ದಾಟಿದ ಮೇಲೆ ಈ ಲಾಭ ತಿರುಗುಮುರುಗಾಗುತ್ತದೆ. ದೊಡ್ಡ ಫೋಟೋ, ಆಡಿಯೋ, ಪಿಡಿಎಫ್‌ಗಳನ್ನು ಫೈಲಾಗಿಯೇ ಇಟ್ಟು ಡೇಟಾಬೇಸಿನಲ್ಲಿ ಅದರ ಹಾದಿಯನ್ನು ಮಾತ್ರ ಬರೆದಿಡಿ.

ನನ್ನ ಪ್ರೋಗ್ರಾಂ ಸೆಕೆಂಡಿಗೆ ಕೆಲವೇ ಡಜನ್ ಸಾಲು ಬರೆಯುತ್ತಿದೆ. ಇದೇನಾ ವೇಗ?

ಅತಿ ಹೆಚ್ಚು ಕೇಳಿಬರುವ ದೂರು ಇದೇ. ಕಾರಣ ಹೆಚ್ಚುಕಡಿಮೆ ಯಾವಾಗಲೂ ಒಂದೇ: ಪ್ರತಿ ಇನ್ಸರ್ಟ್ ತನ್ನದೇ ಆದ ಪ್ರತ್ಯೇಕ ಟ್ರಾನ್ಸಾಕ್ಷನ್ (ಪೂರ್ತಿ ಆಗುವ ಇಲ್ಲವೇ ಆಗದೇ ಹೋಗುವ ಒಂದು ಕಟ್ಟು ಕೆಲಸ) ಆಗಿ ಓಡುತ್ತಿದೆ.

ನೀವು ಬಿಗಿನ್ ಎಂದು ಹೇಳದಿದ್ದರೆ ಪ್ರತಿ ಇನ್ಸರ್ಟ್‌ಗೂ ಎಸ್‌ಕ್ಯೂಲೈಟ್ ತಾನಾಗಿ ಟ್ರಾನ್ಸಾಕ್ಷನ್ ತೆರೆದು ಮುಗಿಸುತ್ತದೆ. ಮುಗಿಸುವುದೆಂದರೆ, ಕರೆಂಟ್ ಹೋದರೂ ಡೇಟಾ ಉಳಿಯುತ್ತದೆ ಎಂಬ ಖಾತ್ರಿ ಬರುವವರೆಗೆ ಡಿಸ್ಕ್‌ಗಾಗಿ ಕಾಯುವುದು. ಇದಕ್ಕೆ ಬಳಸುವ ಕರೆಯ ಹೆಸರು ಎಫ್‌ಸಿಂಕ್. ನಿಮಿಷಕ್ಕೆ 7200 ಸುತ್ತು ತಿರುಗುವ ಹಳೆಯ ಹಾರ್ಡ್‌ಡಿಸ್ಕ್‌ನಲ್ಲಿ ಸೆಕೆಂಡಿಗೆ ಸುಮಾರು 60 ಟ್ರಾನ್ಸಾಕ್ಷನ್‌ಗಳಷ್ಟೇ ಆಗುತ್ತವೆ. ಅದೇ ಯಂತ್ರದಲ್ಲಿ ಎಲ್ಲವನ್ನೂ ಒಂದು ಟ್ರಾನ್ಸಾಕ್ಷನ್ ಒಳಗೆ ಹಾಕಿದರೆ ಸೆಕೆಂಡಿಗೆ 50,000 ಇನ್ಸರ್ಟ್‌ಗಳೂ ಕಷ್ಟವಲ್ಲ. ಎಸ್‌ಎಸ್‌ಡಿಯಲ್ಲಿ ಮೊದಲ ಸಂಖ್ಯೆ ಹೆಚ್ಚಾದರೂ ಅಂತರ ಮಾಯವಾಗುವುದಿಲ್ಲ. ಅಗ್ಗದ ಎಸ್‌ಡಿ ಕಾರ್ಡ್‌ನಲ್ಲಂತೂ ಅದು ಎದ್ದು ಕಾಣುತ್ತದೆ.

ಮಾಡಬೇಕಾದ್ದು:

1. ಒಟ್ಟಿಗೆ ಬರೆಯುವ ಸಾಲುಗಳಿಗೆ ಮೊದಲು ಬಿಗಿನ್, ಕೊನೆಗೆ ಕಮಿಟ್ ಹಾಕಿ. ಲಕ್ಷಾಂತರ ಸಾಲುಗಳಿದ್ದರೆ 1,000ದಿಂದ 10,000 ಸಾಲುಗಳ ಕಂತುಗಳಾಗಿ ಒಡೆಯಿರಿ, ಇಲ್ಲದಿದ್ದರೆ ಉಳಿದವರು ಬರೆಯಲು ಬಹಳ ಹೊತ್ತು ಕಾಯಬೇಕಾಗುತ್ತದೆ.
2. ಇನ್ಸರ್ಟ್ ಹೇಳಿಕೆಯನ್ನು ಒಮ್ಮೆ ಮಾತ್ರ ಪ್ರಿಪೇರ್ ಮಾಡಿ, ಮೌಲ್ಯಗಳನ್ನು ಬೈಂಡ್ ಮಾಡುತ್ತಾ ಮತ್ತೆ ಮತ್ತೆ ಓಡಿಸಿ. ಎಸ್‌ಕ್ಯೂಲೈಟ್ ಪ್ರತಿ ಎಸ್‌ಕ್ಯೂಎಲ್ ಹೇಳಿಕೆಯನ್ನೂ ಬೈಟ್‌ಕೋಡ್ ಆಗಿ ಕಂಪೈಲ್ ಮಾಡುತ್ತದೆ. ಆ ಕೆಲಸವನ್ನು ಲಕ್ಷ ಸಲ ಮಾಡಿಸಬೇಡಿ. ಸ್ಟ್ರಿಂಗ್ ಜೋಡಿಸಿ ಎಸ್‌ಕ್ಯೂಎಲ್ ಕಟ್ಟುವುದರ ಭದ್ರತಾ ಅಪಾಯವೂ ಇದರಿಂದ ತಪ್ಪುತ್ತದೆ.
3. ಖಾಲಿ ಟೇಬಲ್‌ಗೆ ದೊಡ್ಡ ಪ್ರಮಾಣದ ಡೇಟಾ ತುಂಬುವಾಗ ಇಂಡೆಕ್ಸ್‌ಗಳನ್ನು ತುಂಬಿದ ನಂತರ ಕಟ್ಟಿ.

ಡಿಸ್ಕ್‌ಗಾಗಿ ಎಷ್ಟು ಕಾಯಬೇಕೆಂದು ಹೇಳುವ ಸಿಂಕ್ರೊನಸ್ ಆಯ್ಕೆಯನ್ನು ಆಫ್ ಮಾಡಿದರೆ ವೇಗ ಬರುತ್ತದೆ ಎಂಬ ಸಲಹೆ ಎಲ್ಲೆಡೆ ಓಡಾಡುತ್ತದೆ. ವೇಗವೇನೋ ಬರುತ್ತದೆ, ಆದರೆ ಬರೆಯುವ ನಡುವೆ ಕರೆಂಟ್ ಹೋದರೆ ಇಡೀ ಫೈಲ್ ಕೆಡಬಹುದು. ಮತ್ತೆ ಮೊದಲಿನಿಂದ ಕಟ್ಟಿಕೊಳ್ಳಬಹುದಾದ ತಾತ್ಕಾಲಿಕ ಡೇಟಾಕ್ಕೆ ಬಿಟ್ಟರೆ ಬೇರೆಲ್ಲೂ ಹಾಗೆ ಮಾಡಬೇಡಿ.

ವಾಲ್ ಮೋಡ್ ಎಂದರೇನು? ಹಾಕಿಕೊಳ್ಳಬೇಕೇ?

ಹೆಚ್ಚಿನವರು ಹಾಕಿಕೊಳ್ಳುವುದು ಒಳ್ಳೆಯದು. ಮೂಲ ವಿಧಾನದಲ್ಲಿ ಬದಲಾಗುವ ಪುಟಗಳ (ಫೈಲಿನ ಸಮಗಾತ್ರದ ತುಣುಕುಗಳ) ಹಳೆಯ ಪ್ರತಿಯನ್ನು ರೋಲ್‌ಬ್ಯಾಕ್ ಜರ್ನಲ್ ಎಂಬ ಪಕ್ಕದ ಫೈಲಿನಲ್ಲಿಟ್ಟು, ಆಮೇಲೆ ಮುಖ್ಯ ಫೈಲನ್ನು ತಿದ್ದಲಾಗುತ್ತದೆ. ತಿದ್ದಿದ್ದನ್ನು ಮುಖ್ಯ ಫೈಲಿಗೆ ಇಳಿಸುವಾಗ ಓದುವವರು ಕಾಯಬೇಕು. 2010ರಲ್ಲಿ 3.7.0 ಆವೃತ್ತಿಯೊಂದಿಗೆ ಬಂದ ವಾಲ್ (ರೈಟ್-ಅಹೆಡ್ ಲಾಗ್) ಇದನ್ನು ತಿರುಗಿಸಿತು. ಮುಖ್ಯ ಫೈಲನ್ನು ಹಾಗೇ ಬಿಟ್ಟು, ಹೊಸ ಪುಟಗಳನ್ನು ಪಕ್ಕದ ವಾಲ್ ಫೈಲಿನ ಕೊನೆಗೆ ಸೇರಿಸುತ್ತಾ ಹೋಗುತ್ತದೆ. ಒಬ್ಬರು ಬರೆಯುತ್ತಿರುವಾಗಲೇ ಎಷ್ಟು ಜನ ಬೇಕಾದರೂ ಓದಬಹುದು. ವಾಲ್ ಸುಮಾರು 1,000 ಪುಟ ಬೆಳೆದಾಗ ಅದರಲ್ಲಿರುವುದನ್ನು ಮುಖ್ಯ ಫೈಲಿಗೆ ಇಳಿಸಲಾಗುತ್ತದೆ. ಅದಕ್ಕೆ ಚೆಕ್‌ಪಾಯಿಂಟ್ ಎನ್ನುತ್ತಾರೆ.

ಜರ್ನಲ್ ಮೋಡ್ ಪ್ರಾಗ್ಮಾಕ್ಕೆ (ಪ್ರಾಗ್ಮಾ ಎಂದರೆ ಎಸ್‌ಕ್ಯೂಲೈಟ್‌ನ ಸೆಟ್ಟಿಂಗ್ ಆದೇಶ) ವಾಲ್ ಎಂದು ಒಮ್ಮೆ ಕೊಟ್ಟರೆ ಸಾಕು, ಅದು ಫೈಲಿನಲ್ಲೇ ದಾಖಲಾಗುತ್ತದೆ. ಅದರೊಂದಿಗೆ ಸಿಂಕ್ರೊನಸ್ ಆಯ್ಕೆಯನ್ನು ನಾರ್ಮಲ್‌ಗೆ ಇಳಿಸಿದರೆ ಪ್ರತಿ ಕಮಿಟ್‌ಗೂ ಎಫ್‌ಸಿಂಕ್ ಆಗುವುದಿಲ್ಲ. ಕರೆಂಟ್ ಹೋದಾಗ ಕೊನೆಯ ಕೆಲವು ಕಮಿಟ್‌ಗಳು ಹೋಗಬಹುದು, ಫೈಲ್ ಮಾತ್ರ ಕೆಡುವುದಿಲ್ಲ. ಓದುಗರ ಟಿಪ್ಪಣಿ, ಆಪ್‌ನ ಸೆಟ್ಟಿಂಗ್‌ಗಳಿಗೆ ಇದು ನಡೆಯುತ್ತದೆ. ಹಣ ಜಮಾ ಆಯಿತೆಂದು ರಸೀದಿ ಕೊಟ್ಟ ಮೇಲೆ ಆ ದಾಖಲೆ ಕಳೆದುಹೋಗುವುದು ಸಲ್ಲದು, ಅಲ್ಲಿ ಫುಲ್ ಎಂದೇ ಇಡಿ.

ವಾಲ್‌ನ ತೊಡಕುಗಳು ಎರಡು. ಒಂದು, ಇದು ನೆಟ್‌ವರ್ಕ್ ಫೋಲ್ಡರಿನಲ್ಲಿ ಕೆಲಸ ಮಾಡುವುದಿಲ್ಲ, ಏಕೆಂದರೆ ಬಳಸುವ ಎಲ್ಲ ಪ್ರೋಗ್ರಾಂಗಳೂ ಒಂದೇ ಯಂತ್ರದ ಮೆಮೊರಿಯನ್ನು ಹಂಚಿಕೊಳ್ಳಬೇಕು. ಎರಡು, ಯಾರಾದರೂ ಓದುವ ಟ್ರಾನ್ಸಾಕ್ಷನ್ ತೆರೆದು ಮುಚ್ಚಲು ಮರೆತರೆ ಚೆಕ್‌ಪಾಯಿಂಟ್ ಪೂರ್ತಿಯಾಗದೆ ವಾಲ್ ಫೈಲ್ ಬೆಳೆಯುತ್ತಲೇ ಹೋಗುತ್ತದೆ. ಡಿಸ್ಕ್ ತುಂಬಿತೆಂಬ ದೂರು ಬಂದರೆ ಮೊದಲು ಆ ಫೈಲಿನ ಗಾತ್ರ ನೋಡಿ.

‘ಡೇಟಾಬೇಸ್ ಈಸ್ ಲಾಕ್ಡ್’ ಎಂದು ಬರುತ್ತಿದೆ. ಏನು ಮಾಡಲಿ?

ಒಂದು ಹೊತ್ತಿಗೆ ಒಬ್ಬರೇ ಬರೆಯಬಹುದು. ವಾಲ್ ಹಾಕಿದರೂ ಈ ನಿಯಮ ಬದಲಾಗುವುದಿಲ್ಲ. ಇನ್ನೊಬ್ಬರು ಬರೆಯುತ್ತಿದ್ದರೆ ಎಷ್ಟು ಹೊತ್ತು ಕಾಯಬೇಕು ಎಂಬುದನ್ನು ‘ಬಿಸಿ ಟೈಮ್‌ಔಟ್’ (busy timeout) ಹೇಳುತ್ತದೆ. ಅದರ ಮೂಲ ಮೌಲ್ಯ ಸೊನ್ನೆ, ಅಂದರೆ ಕಾಯುವುದೇ ಇಲ್ಲ, ಕೂಡಲೇ ದೋಷ ಮರಳಿಸುತ್ತದೆ. (ಕೆಲವು ಭಾಷೆಗಳ ಡ್ರೈವರ್‌ಗಳು ತಾವೇ ಒಂದು ಮೌಲ್ಯ ಹಾಕಿರುತ್ತವೆ.) ಪ್ರತಿ ಕನೆಕ್ಷನ್ ತೆರೆದ ಕೂಡಲೇ 5000 ಎಂದು ಕೊಡಿ. ಅದು ಮಿಲಿಸೆಕೆಂಡ್ ಲೆಕ್ಕ, ಅಂದರೆ 5 ಸೆಕೆಂಡ್.

ಟೈಮ್‌ಔಟ್ ಹಾಕಿದ ಮೇಲೂ ಒಮ್ಮೊಮ್ಮೆ ಕೂಡಲೇ ದೋಷ ಬರುತ್ತದೆ, ಆಗ ಜನ ಗಲಿಬಿಲಿಯಾಗುತ್ತಾರೆ. ಬರೀ ಬಿಗಿನ್ ಎಂದರೆ ಮೊದಲು ಯಾವ ಲಾಕನ್ನೂ ತೆಗೆದುಕೊಳ್ಳುವುದಿಲ್ಲ. ನೀವು ಸೆಲೆಕ್ಟ್ ಮಾಡಿ ಓದುಗರಾಗಿ ಒಳಗೆ ಹೋದಿರಿ, ಅಷ್ಟರಲ್ಲಿ ಇನ್ನೊಬ್ಬರು ಬರೆದು ಮುಗಿಸಿದರು. ಈಗ ನೀವು ಅಪ್‌ಡೇಟ್ ಮಾಡಹೊರಟರೆ ನೀವು ಓದಿದ್ದು ಹಳತಾಗಿದೆ. ಎಷ್ಟು ಕಾದರೂ ಅದು ಹೊಸದಾಗುವುದಿಲ್ಲವಾದ್ದರಿಂದ ಎಸ್‌ಕ್ಯೂಲೈಟ್ ಕಾಯದೆ ಕೈಚೆಲ್ಲುತ್ತದೆ. ಓದಿ ಆಮೇಲೆ ಬರೆಯುವ ಟ್ರಾನ್ಸಾಕ್ಷನ್‌ಗಳನ್ನು ‘ಬಿಗಿನ್ ಇಮ್ಮಿಡಿಯೇಟ್’ ಎಂದು ಆರಂಭಿಸಿದರೆ ಬರೆಯುವ ಹಕ್ಕು ಮೊದಲೇ ಸಿಗುತ್ತದೆ, ಕಾಯುವುದಿದ್ದರೆ ಅಲ್ಲೇ ಕಾಯುತ್ತದೆ.

ಇನ್ನೊಂದು: ಟ್ರಾನ್ಸಾಕ್ಷನ್ ತೆರೆದಿಟ್ಟು ನೆಟ್‌ವರ್ಕ್ ಕರೆ ಮಾಡಬೇಡಿ, ಬಳಕೆದಾರರ ಉತ್ತರಕ್ಕೆ ಕಾಯಬೇಡಿ. ಬೇಕಾದ್ದನ್ನೆಲ್ಲ ಮೊದಲೇ ಸಿದ್ಧ ಮಾಡಿಕೊಂಡು, ಒಳಗೆ ಹೋಗಿ ಬರೆದು, ಹೊರಗೆ ಬನ್ನಿ.

ಡೇಟಾ ಹೆಚ್ಚಾದಂತೆ ಕ್ವೆರಿ ನಿಧಾನವಾಗುತ್ತಿದೆ. ಎಲ್ಲಿಂದ ನೋಡಲಿ?

ಒಂದು ಹಾಲು ಉತ್ಪಾದಕರ ಸಂಘದ ಟೇಬಲ್ ತೆಗೆದುಕೊಳ್ಳೋಣ: ಸದಸ್ಯರ ಸಂಖ್ಯೆ, ದಿನಾಂಕ, ಹೊತ್ತು, ಲೀಟರ್, ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟ ಘನಾಂಶ), ಮೊತ್ತ. 300 ಸದಸ್ಯರು ದಿನಕ್ಕೆ ಎರಡು ಹೊತ್ತು ಹಾಲು ಹಾಕಿದರೆ ವರ್ಷಕ್ಕೆ 2,19,000 ಸಾಲು, ಹತ್ತು ವರ್ಷಕ್ಕೆ ಸುಮಾರು 22 ಲಕ್ಷ. ಎಸ್‌ಕ್ಯೂಲೈಟ್‌ಗೆ ಇದು ಸಣ್ಣ ಟೇಬಲ್. (ಮೊತ್ತವನ್ನು ಪೈಸೆಯಲ್ಲಿ, ಹಾಲನ್ನು ಮಿಲಿಲೀಟರಿನಲ್ಲಿ ಪೂರ್ಣಾಂಕವಾಗಿ ಇಡಿ. ದಶಾಂಶದ ಫ್ಲೋಟ್‌ನಲ್ಲಿಟ್ಟರೆ ತಿಂಗಳ ಕೊನೆಯಲ್ಲಿ ಪೈಸೆ ಹೊಂದುವುದಿಲ್ಲ.)

ಒಬ್ಬ ಸದಸ್ಯರ ಒಂದು ತಿಂಗಳ ಲೆಕ್ಕ ಬೇಕು. ಕ್ವೆರಿಯ ಮುಂದೆ ‘ಎಕ್ಸ್‌ಪ್ಲೇನ್ ಕ್ವೆರಿ ಪ್ಲಾನ್’ ಸೇರಿಸಿ ಓಡಿಸಿ. ಉತ್ತರದಲ್ಲಿ ‘ಸ್ಕ್ಯಾನ್’ ಎಂದಿದ್ದರೆ 22 ಲಕ್ಷ ಸಾಲನ್ನೂ ಒಂದೊಂದಾಗಿ ನೋಡುತ್ತಿದೆ. ‘ಸರ್ಚ್’ ಎಂದಿದ್ದರೆ ಇಂಡೆಕ್ಸ್ ಹಿಡಿದು ಹೋಗುತ್ತಿದೆ.

ಇಂಡೆಕ್ಸ್‌ನಲ್ಲಿ ಕಾಲಂಗಳ ಕ್ರಮ ಮುಖ್ಯ. ಸದಸ್ಯರ ಸಂಖ್ಯೆ ಮೊದಲು, ದಿನಾಂಕ ಆಮೇಲೆ ಇದ್ದರೆ ಆ ಸದಸ್ಯರ ಆ ತಿಂಗಳ 60 ನಮೂದುಗಳು ಒತ್ತಾಗಿ ಒಂದೇ ಕಡೆ ಸಿಗುತ್ತವೆ. ಕ್ರಮ ತಿರುಗಿಸಿ ದಿನಾಂಕವನ್ನು ಮೊದಲಿಟ್ಟರೆ ಆ ತಿಂಗಳ 18,000 ನಮೂದುಗಳನ್ನೂ ನೋಡಿ 60ನ್ನು ಆರಿಸಬೇಕು. ಸಮ ಎಂದು ಕೇಳುವ ಕಾಲಂ ಮೊದಲು, ಇಷ್ಟರಿಂದ ಇಷ್ಟರವರೆಗೆ ಎಂದು ಕೇಳುವ ಕಾಲಂ ಆಮೇಲೆ. ಇದೊಂದು ನಿಯಮ ಬಹುಪಾಲು ಸಂದರ್ಭಗಳಲ್ಲಿ ಸಾಕಾಗುತ್ತದೆ.

ಇಂಡೆಕ್ಸ್ ಇದ್ದೂ ಸ್ಕ್ಯಾನ್ ಆಗುತ್ತಿದ್ದರೆ, ಬಹಳ ಸಲ ಕಾಲಂ ಮೇಲೆ ಯಾವುದೋ ಫಂಕ್ಷನ್ ಕೂತಿರುತ್ತದೆ. ದಿನಾಂಕದಿಂದ ತಿಂಗಳನ್ನು ಕತ್ತರಿಸಿ 03ಕ್ಕೆ ಸಮವೇ ಎಂದು ಕೇಳಿದರೆ ದಿನಾಂಕದ ಇಂಡೆಕ್ಸ್ ಉಪಯೋಗಕ್ಕೆ ಬಾರದು. ದಿನಾಂಕವನ್ನು 2024-03-01 ರೂಪದಲ್ಲಿಟ್ಟು, 2024-03-01ರಿಂದ ಮೊದಲುಗೊಂಡು 2024-04-01ಕ್ಕಿಂತ ಕಡಿಮೆ ಎಂದು ಕೇಳಿ.

ಇಂಡೆಕ್ಸ್‌ಗಳನ್ನು ಎಲ್ಲ ಕಾಲಂಗೂ ಹಾಕಬೇಡಿ. ಪ್ರತಿ ಇನ್ಸರ್ಟ್‌ಗೂ ಪ್ರತಿ ಇಂಡೆಕ್ಸನ್ನೂ ತಿದ್ದಬೇಕು. ಇರುವ ಇಂಡೆಕ್ಸ್‌ಗಳಲ್ಲಿ ಯಾವುದು ಉತ್ತಮ ಎಂದು ಎಸ್‌ಕ್ಯೂಲೈಟ್ ಸರಿಯಾಗಿ ಆರಿಸಲು ಆಗಾಗ ‘ಆಪ್ಟಿಮೈಸ್’ ಪ್ರಾಗ್ಮಾ ಓಡಿಸಿ, ಕನೆಕ್ಷನ್ ಮುಚ್ಚುವ ಮುನ್ನ ಒಳ್ಳೆಯ ಸಮಯ.

ಆಟೋಇಂಕ್ರಿಮೆಂಟ್ ಹಾಕಬೇಕೇ?

ಬೇಡ. ಇಂಟಿಜರ್ ಪ್ರೈಮರಿ ಕೀ ಎಂದಷ್ಟೇ ಬರೆದರೆ ಸಂಖ್ಯೆ ತಾನಾಗಿ ಬರುತ್ತದೆ. ಅಳಿಸಿದ ಸಂಖ್ಯೆ ಮತ್ತೆಂದೂ ಬರಬಾರದು ಎಂಬ ನಿಯಮವಿದ್ದರೆ ಮಾತ್ರ ಅದು ಬೇಕು.

ಒಳಗೆ ಒಂದೂವರೆ ಲಕ್ಷ ಸಾಲು ಕೋಡಿದೆಯಂತೆ. ಇದನ್ನು ಸರಳ ಎನ್ನುವುದು ಹೇಗೆ?

ಸರಿಯಾದ ಪ್ರಶ್ನೆ. ಒಳಗೆ ಅದು ಸರಳವಲ್ಲ. ಕ್ವೆರಿ ಪ್ಲಾನರ್, ಬಿ-ಟ್ರೀ, ಕರೆಂಟ್ ಹೋದ ಮೇಲೆ ಚೇತರಿಸಿಕೊಳ್ಳುವ ವ್ಯವಸ್ಥೆ ಎಲ್ಲವೂ ಕಠಿಣವಾದ ಕೋಡು. ಸರಳತೆ ಇರುವುದು ಬಳಸುವವರ ಕಡೆಗೆ: ಅನುಸ್ಥಾಪನೆ ಇಲ್ಲ, ಸೆಟ್ಟಿಂಗ್ ಫೈಲ್ ಇಲ್ಲ, ಪಾಸ್‌ವರ್ಡ್ ಇಲ್ಲ, ಎಲ್ಲ ಟೇಬಲ್‌ಗಳೂ ಒಂದೇ ಫೈಲಿನಲ್ಲಿ. ಕೋಡನ್ನು ಹಂಚುವುದೂ ಒಂದೇ ದೊಡ್ಡ ಸಿ ಫೈಲಾಗಿ. ಅದನ್ನು ನಿಮ್ಮ ಪ್ರಾಜೆಕ್ಟ್‌ಗೆ ಸೇರಿಸಿ ಕಂಪೈಲ್ ಮಾಡಿದರೆ ಮುಗಿಯಿತು. ಒಂದೇ ಫೈಲಾದ್ದರಿಂದ ಕಂಪೈಲರ್‌ಗೆ ಇಡೀ ಕೋಡು ಒಟ್ಟಿಗೆ ಕಾಣುತ್ತದೆ, ಬಿಡಿ ಫೈಲ್‌ಗಳಾಗಿ ಕಂಪೈಲ್ ಮಾಡಿದ್ದಕ್ಕಿಂತ ಅದು 5ರಿಂದ 10% ವೇಗವಾಗಿ ಓಡುತ್ತದೆ. ಹಂಚಲು ಸುಲಭವಾಗಲೆಂದು ಮಾಡಿದ ಏರ್ಪಾಡಿನಿಂದ ವೇಗವೂ ಸಿಕ್ಕಿತು.

ಒಳಗಿನ ಕಷ್ಟವನ್ನು ಹಿಡಿತದಲ್ಲಿಟ್ಟಿರುವುದು ಪರೀಕ್ಷೆಗಳು. 2023ರ 3.42.0 ಆವೃತ್ತಿಯ ಹೊತ್ತಿಗೆ ಪರೀಕ್ಷೆಯ ಕೋಡು ಮೂಲ ಕೋಡಿನ ಸುಮಾರು 590 ಪಟ್ಟು ಇತ್ತು. ಮೆಮೊರಿ ಸಿಗದಿದ್ದರೆ, ಡಿಸ್ಕ್ ಕೈಕೊಟ್ಟರೆ, ಬರೆಯುವ ನಡುವೆ ಕರೆಂಟ್ ಹೋದರೆ ಏನಾಗುತ್ತದೆ ಎಂಬುದನ್ನೆಲ್ಲ ಕೃತಕವಾಗಿ ಉಂಟುಮಾಡಿ ನೋಡುತ್ತಾರೆ. ಬಳಸುವವರಿಗೆ ಸರಳವಾಗಿರಬೇಕು ಎಂದು ತೀರ್ಮಾನಿಸಿದರೆ ಕಟ್ಟುವವರು ಹೊರಬೇಕಾದ ಹೊರೆ ಇಷ್ಟು. ಕಡಿಮೆ ಕೋಡು ಬರೆದು ಅದನ್ನೇ ಸರಳತೆ ಎನ್ನುವ ತಂಡಗಳು ಈ ಅಂಶವನ್ನು ಗಮನಿಸಬೇಕು.

ಕೋಡಿನ ವೇಗವನ್ನು ಅವರು ಅಳೆಯುವುದು ಹೇಗೆ? ನಾವೂ ಹಾಗೆ ಮಾಡಬಹುದೇ?

ಗಡಿಯಾರದಿಂದ ಅಲ್ಲ. ಒಂದೇ ಪ್ರೋಗ್ರಾಂ ಎರಡು ಸಲ ಓಡಿಸಿದರೆ ಗಡಿಯಾರದ ಸಮಯ ಹಲವು ಶೇಕಡಾ ಹಿಂದೆಮುಂದೆ ಆಗುತ್ತದೆ, ಅರ್ಧ ಶೇಕಡಾ ಸುಧಾರಣೆ ಅದರೊಳಗೆ ಮುಚ್ಚಿಹೋಗುತ್ತದೆ. ಕ್ಯಾಷ್‌ಗ್ರೈಂಡ್ ಎಂಬ ಸಾಧನ ಪ್ರೊಸೆಸರ್ ಓಡಿಸಿದ ಆದೇಶಗಳನ್ನು ಎಣಿಸುತ್ತದೆ, ಆ ಎಣಿಕೆ ಪ್ರತಿ ಸಲವೂ ಹೆಚ್ಚುಕಡಿಮೆ ಒಂದೇ. ಅದನ್ನು ನೋಡುತ್ತಾ ಬಿಡಿಯಾಗಿ ಅಳೆಯಲೂ ಆಗದಷ್ಟು ಸಣ್ಣ ತಿದ್ದುಪಡಿಗಳನ್ನು ನೂರಾರು ಮಾಡುತ್ತಾ ಹೋದರು. 2014ರ 3.8.7 ಆವೃತ್ತಿ ಅಷ್ಟೇ ಪ್ರೊಸೆಸರ್ ಶ್ರಮದಲ್ಲಿ ಅದರ ಹಿಂದಿನ ಆವೃತ್ತಿಗಿಂತ 20%ಕ್ಕೂ ಹೆಚ್ಚು ಕೆಲಸ ಮಾಡಿತು.

ನೀವೂ ಮಾಡಬಹುದು. ಆದರೆ ಟ್ರಾನ್ಸಾಕ್ಷನ್ ಮತ್ತು ಇಂಡೆಕ್ಸ್ ಸರಿಯಾದ ಮೇಲೆ. ಅವೆರಡರಲ್ಲಿ ಸಿಗುವುದು ನೂರು ಪಟ್ಟಿನ ಲೆಕ್ಕ, ಇಲ್ಲಿ ಸಿಗುವುದು ಶೇಕಡಾ ಲೆಕ್ಕ.

ಸಂಖ್ಯೆಯ ಕಾಲಂಗೆ ಅಕ್ಷರ ಹಾಕಿದರೂ ಒಪ್ಪಿಕೊಳ್ಳುತ್ತದಲ್ಲ, ಯಾಕೆ?

ವಿನ್ಯಾಸವೇ ಹಾಗೆ. ಕಾಲಂನ ವಿಧವನ್ನು ಅದು ಸಲಹೆ ಎಂದು ಎಣಿಸುತ್ತದೆ. ಪರಿವರ್ತಿಸಲು ಆಗದಿದ್ದರೆ ಕೊಟ್ಟಿದ್ದನ್ನೇ ಇಟ್ಟುಕೊಳ್ಳುತ್ತದೆ. ಫಾರಿನ್ ಕೀ ತಪಾಸಣೆ ಕೂಡ ಮೂಲತಃ ಆಫ್ ಇರುತ್ತದೆ. ಜೋಡಿ ಉದ್ಧರಣ ಚಿಹ್ನೆಯಲ್ಲಿ ಕಾಲಂ ಹೆಸರನ್ನು ತಪ್ಪಾಗಿ ಬರೆದರೆ ದೋಷ ಹೇಳುವ ಬದಲು ಅದನ್ನು ಪಠ್ಯವೆಂದು ತಿಳಿದು ಮುಂದುವರಿಯುವುದೂ ಉಂಟು. ಇವುಗಳಲ್ಲಿ ಕೆಲವನ್ನು ಈಗ ಬದಲಿಸಿದರೆ ಹಳೆಯ ಆಪ್‌ಗಳು ನಿಲ್ಲುತ್ತವೆ ಎಂದು ಹಾಗೇ ಉಳಿಸಿದ್ದಾರೆ.

ಹೊಸ ಕೆಲಸಕ್ಕೆ ನಮ್ಮ ಸಲಹೆ ಖಚಿತ: 2021ರ 3.37.0 ಆವೃತ್ತಿಯಿಂದ ಇರುವ, ವಿಧಕ್ಕೆ ಹೊಂದದ್ದನ್ನು ಒಪ್ಪದ ಸ್ಟ್ರಿಕ್ಟ್ ಟೇಬಲ್ ಬಳಸಿ, ಪ್ರತಿ ಕನೆಕ್ಷನ್‌ನಲ್ಲೂ ಫಾರಿನ್ ಕೀ ಆನ್ ಮಾಡಿ, ಪ್ರೈಮರಿ ಕೀ ಕಾಲಂಗಳಿಗೆ ನಾಟ್ ನಲ್ ಬರೆಯಿರಿ.

ಕನ್ನಡ ಪಠ್ಯ ಇಟ್ಟರೆ ಸರಿಯಾಗಿ ಕೆಲಸ ಮಾಡುತ್ತದೆಯೇ?

ಇಡುವುದಕ್ಕೆ, ಓದುವುದಕ್ಕೆ ಏನೂ ತೊಂದರೆ ಇಲ್ಲ. ಟೇಬಲ್, ಕಾಲಂಗಳ ಹೆಸರನ್ನೂ ಕನ್ನಡದಲ್ಲಿ ಬರೆಯಬಹುದು. ವಿಂಗಡಣೆ, ಹೋಲಿಕೆ, ಹುಡುಕಾಟದಲ್ಲಿ ಮಾತ್ರ ಜಾಗ್ರತೆ ಬೇಕು. ಭಾಷೆಗಳ ನಿಯಮಗಳನ್ನೆಲ್ಲ ಒಳಗೆ ಸೇರಿಸಿದರೆ ಲೈಬ್ರರಿ ಬಹಳ ದೊಡ್ಡದಾಗುತ್ತದೆಂದು ಎಸ್‌ಕ್ಯೂಲೈಟ್ ಅವನ್ನು ಹೊರಗಿಟ್ಟಿದೆ. ಅದಕ್ಕೆ ಕಾಣುವುದು ಯೂನಿಕೋಡ್ ಸಂಕೇತಗಳು ಮಾತ್ರ. ‘ಕನ್ನಡ’ ಎಂಬುದರ ಉದ್ದ ಕೇಳಿದರೆ 5 ಎನ್ನುತ್ತದೆ: ಕ, ನ, ವಿರಾಮ ಚಿಹ್ನೆ, ನ, ಡ. ಯುಟಿಎಫ್-8ರಲ್ಲಿ ಅದು 15 ಬೈಟ್.

ವಿಂಗಡಣೆ. ಯೂನಿಕೋಡ್‌ನಲ್ಲಿ ಕನ್ನಡ ಅಕ್ಷರಗಳ ಕ್ರಮ ಬಹುಮಟ್ಟಿಗೆ ನಮ್ಮ ವರ್ಣಮಾಲೆಯದೇ, ಆದರೆ ‘ಳ’ ಅಕ್ಷರ ‘ಲ’ ಮತ್ತು ‘ವ’ ನಡುವೆ ಕೂತಿದೆ. ಹೀಗಾಗಿ ‘ಹೊಳೆ’ ಮೊದಲು ಬಂದು ‘ಹೊಸ’ ಆಮೇಲೆ ಬರುತ್ತದೆ. ಭಾಷೆಗಳ ವಿಂಗಡಣೆ ನಿಯಮಗಳಿರುವ ಐಸಿಯು ಲೈಬ್ರರಿ ಜೋಡಿಸಿ ಸರಿಮಾಡಬಹುದು, ಅದು ಎಸ್‌ಕ್ಯೂಲೈಟ್‌ಗಿಂತ ಹಲವು ಪಟ್ಟು ದೊಡ್ಡದು. ಹೆಸರುಗಳ ಪಟ್ಟಿಗೆ ಸಾಕಾಗುವ ಹಗುರ ದಾರಿಯೊಂದಿದೆ. ‘ಹ’ ನಂತರದ 3258ನೆಯ ಸಂಕೇತಸ್ಥಾನದಲ್ಲಿ ಯಾವ ಅಕ್ಷರವೂ ಇಲ್ಲ. ರಿಪ್ಲೇಸ್ ಫಂಕ್ಷನ್‌ನಿಂದ ‘ಳ’ ಇರುವ ಕಡೆ ಆ ಸಂಕೇತವನ್ನಿಟ್ಟು, ಆ ಅಭಿವ್ಯಕ್ತಿಯ ಮೇಲೆಯೇ ಇಂಡೆಕ್ಸ್ ಕಟ್ಟಿ, ಆರ್ಡರ್ ಬೈ ಭಾಗದಲ್ಲೂ ಅದನ್ನೇ ಬರೆಯಿರಿ. ಮೂಲ ಪಠ್ಯ ಹಾಗೇ ಉಳಿಯುತ್ತದೆ, ವಿಂಗಡಣೆಯೂ ವೇಗವಾಗಿ ಆಗುತ್ತದೆ.

ಹೋಲಿಕೆ. ‘ಕೋ’ದಂಥ ಅಕ್ಷರವನ್ನು ಒಂದೇ ಸ್ವರಚಿಹ್ನೆಯಾಗಿಯೂ ಬಿಡಿ ಚಿಹ್ನೆಗಳ ಜೋಡಣೆಯಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಬೈಟ್‌ಗಳು ಬೇರೆ, ಆದ್ದರಿಂದ ಎಸ್‌ಕ್ಯೂಲೈಟ್ ಸಮವಲ್ಲ ಎನ್ನುತ್ತದೆ. ಒಳಗೆ ಹಾಕುವ ಮುನ್ನ ಆಪ್‌ನಲ್ಲೇ ಎನ್‌ಎಫ್‌ಸಿ ರೂಪಕ್ಕೆ (ಬಿಡಿ ಚಿಹ್ನೆಗಳನ್ನು ಒಂದಾಗಿಸುವ ಯೂನಿಕೋಡ್ ರೂಪ) ತನ್ನಿ. ಹುಡುಕುವ ಪದವನ್ನೂ ಹಾಗೇ ತಂದು ಹುಡುಕಿ.

ಹುಡುಕಾಟ. ಪಠ್ಯದೊಳಗೆ ಪದ ಹುಡುಕುವ ಎಫ್‌ಟಿಎಸ್5 ಸೌಲಭ್ಯದ ಮೂಲ ಟೋಕನೈಸರ್ (ಪಠ್ಯವನ್ನು ಪದಗಳಾಗಿ ಒಡೆಯುವ ಭಾಗ) ಅಕ್ಷರ ಮತ್ತು ಅಂಕಿಗಳನ್ನು ಮಾತ್ರ ಪದದ ಭಾಗವೆಂದು ಎಣಿಸಿ, ನಮ್ಮ ಗುಣಿತ ಚಿಹ್ನೆಗಳನ್ನು ಪದ ಒಡೆಯುವ ಜಾಗವೆಂದು ತಿಳಿಯುತ್ತದೆ. ‘ಬಾಲ’ವೂ ‘ಬಿಲ’ವೂ ಅದಕ್ಕೆ ಬ, ಲ ಎಂಬ ಎರಡೆರಡು ಪದಗಳು. ಒಂದನ್ನು ಹುಡುಕಿದರೆ ಇನ್ನೊಂದೂ ಬರುತ್ತದೆ. ಯೂನಿಕೋಡ್61 ಎಂಬ ಈ ಮೂಲ ಟೋಕನೈಸರ್‌ನ ಕೆಟಗರೀಸ್ ಆಯ್ಕೆಯಲ್ಲಿ ಮೊದಲೇ ಇರುವ ವರ್ಗಗಳ ಜೊತೆಗೆ ಎಂಎನ್ ಮತ್ತು ಎಂಸಿ ಎಂಬೆರಡನ್ನು (ಗುಣಿತ ಚಿಹ್ನೆಗಳು ಸೇರುವ ಯೂನಿಕೋಡ್ ವರ್ಗಗಳು) ಸೇರಿಸಿದರೆ ಇದು ಸರಿಹೋಗುತ್ತದೆ. ‘ರಾಜ್‌ಕುಮಾರ್’ ಮೊದಲಾದ ಪದಗಳ ನಡುವೆ ಕಾಣದಂತೆ ಕೂರುವ ಶೂನ್ಯ ಅಗಲದ ಸಂಕೇತವನ್ನು ಹುಡುಕಾಟದ ಪ್ರತಿಯಿಂದ ತೆಗೆದುಹಾಕಿ.

ವಿಭಕ್ತಿಗಳಿಗೆ ಆರಂಭದಿಂದ ಹುಡುಕುವ ವಿಧಾನ ಬಹಳ ಮಟ್ಟಿಗೆ ಸಾಕು: ‘ಮನೆ’ ಎಂದು ಹುಡುಕಿದರೆ ಮನೆಗೆ, ಮನೆಯಲ್ಲಿ ಎಲ್ಲವೂ ಸಿಗುತ್ತವೆ. ಉಕಾರಾಂತ ಪದಗಳಲ್ಲಿ ಇದು ಕೈಕೊಡುತ್ತದೆ, ‘ಊರು’ ಎಂದರೆ ‘ಊರಿನಲ್ಲಿ’ ಸಿಗದು. ಹುಡುಕುವ ಪದದ ಕೊನೆಯ ಉಕಾರವನ್ನು ಬಿಟ್ಟು ‘ಊರ’ ಎಂದು ಕಳಿಸುವುದು ಆಪ್‌ನ ಕೆಲಸ.

ಬ್ಯಾಕಪ್ ಎಂದರೆ ಫೈಲನ್ನು ನಕಲು ಮಾಡಿದರೆ ಸಾಕಲ್ಲವೇ?

ಆಪ್ ಪೂರ್ತಿ ನಿಂತಿದ್ದರೆ ಸಾಕು. ಓಡುತ್ತಿರುವಾಗ ನಕಲು ಮಾಡಿದರೆ ಅರ್ಧ ಹಳೆಯ, ಅರ್ಧ ಹೊಸ ಪುಟಗಳ ಪ್ರತಿ ಸಿಗಬಹುದು. ವಾಲ್ ಮೋಡ್‌ನಲ್ಲಿ ಮುಖ್ಯ ಫೈಲನ್ನಷ್ಟೇ ಒಯ್ದರೆ ವಾಲ್ ಫೈಲಿನಲ್ಲಿರುವ ಇತ್ತೀಚಿನ ಕಮಿಟ್‌ಗಳು ಬಿಟ್ಟುಹೋಗುತ್ತವೆ. 2019ರಿಂದ ಇರುವ ‘ವ್ಯಾಕ್ಯೂಮ್ ಇಂಟು’ ಆದೇಶ ಬಳಸಿ. ಆಪ್ ಓಡುತ್ತಿದ್ದರೂ ಅದು ಒಪ್ಪವಾದ ಒಂದು ಪ್ರತಿಯನ್ನು ಬೇರೆ ಫೈಲಿಗೆ ಬರೆಯುತ್ತದೆ. ಆ ಪ್ರತಿಯನ್ನು ತೆರೆದು ‘ಇಂಟೆಗ್ರಿಟಿ ಚೆಕ್’ ಪ್ರಾಗ್ಮಾ ಓಡಿಸಿ, ಓಕೆ ಎಂದು ಬಂದ ಮೇಲೆ ಬೇರೆ ಕಡೆ ಕಳಿಸಿ.

ಆಪ್ ಕುಸಿದ ನಂತರ ಪಕ್ಕದಲ್ಲಿ ಉಳಿದ ಜರ್ನಲ್ ಅಥವಾ ವಾಲ್ ಫೈಲನ್ನು ಕಸವೆಂದು ಅಳಿಸಬೇಡಿ. ಮುಂದಿನ ಸಲ ತೆರೆದಾಗ ಡೇಟಾ ಸರಿಪಡಿಸಲು ಬೇಕಾದ್ದು ಅದರಲ್ಲೇ ಇದೆ.

ಯಾವಾಗ ಎಸ್‌ಕ್ಯೂಲೈಟ್ ಬಿಟ್ಟು ಪೋಸ್ಟ್‌ಗ್ರೆಸ್‌ನಂಥ ಸರ್ವರ್ ಡೇಟಾಬೇಸಿಗೆ ಹೋಗಬೇಕು?

ಡೇಟಾದ ಗಾತ್ರ ನೋಡಿ ತೀರ್ಮಾನಿಸಬೇಡಿ. ಒಂದು ಫೈಲಿನ ಮೇಲ್ಮಿತಿ ಸುಮಾರು 281 ಟೆರಾಬೈಟ್, ಅಲ್ಲಿಗೆ ತಲುಪುವವರು ಯಾರೂ ಇಲ್ಲ. ಓದುವವರ ಸಂಖ್ಯೆಯಿಂದಲೂ ಅಲ್ಲ. ದಿನಕ್ಕೆ 1 ಲಕ್ಷಕ್ಕಿಂತ ಕಡಿಮೆ ಭೇಟಿಯಿರುವ ಜಾಲತಾಣವನ್ನು ಅದು ಆರಾಮವಾಗಿ ನಡೆಸುತ್ತದೆ.

ನೋಡಬೇಕಾದ್ದು ಎರಡು. ಒಂದೇ ಡೇಟಾವನ್ನು ಬೇರೆ ಬೇರೆ ಯಂತ್ರಗಳಿಂದ ನೇರವಾಗಿ ಬರೆಯಬೇಕೇ? ಹೌದಾದರೆ ಮೊದಲ ದಿನವೇ ಸರ್ವರ್ ಡೇಟಾಬೇಸ್ ಆರಿಸಿ. ಎಸ್‌ಕ್ಯೂಲೈಟ್ ಫೈಲನ್ನು ನೆಟ್‌ವರ್ಕ್ ಫೋಲ್ಡರಿನಲ್ಲಿಟ್ಟು ನಾಲ್ಕು ಕಂಪ್ಯೂಟರ್‌ಗಳಿಂದ ತೆರೆದರೆ, ಹಲವು ನೆಟ್‌ವರ್ಕ್ ಫೈಲ್ ವ್ಯವಸ್ಥೆಗಳಲ್ಲಿ ಲಾಕ್ ಸರಿಯಾಗಿ ಕೆಲಸ ಮಾಡದೆ ಫೈಲ್ ಕೆಡುತ್ತದೆ. ಎರಡನೆಯದು, ಒಂದೇ ಯಂತ್ರವಾದರೂ ಬರೆಯಲು ಕಾಯುವವರ ಸರದಿ ಕರಗುತ್ತಿಲ್ಲವೇ? ಟ್ರಾನ್ಸಾಕ್ಷನ್‌ಗಳನ್ನು ಚಿಕ್ಕದಾಗಿಸಿ, ವಾಲ್ ಹಾಕಿ, ಬರೆಯುವ ಕೆಲಸವನ್ನೆಲ್ಲ ಒಂದೇ ಥ್ರೆಡ್‌ಗೆ ಒಪ್ಪಿಸಿ ಕಂತುಗಳಲ್ಲಿ ಬರೆಸಿದ ಮೇಲೂ 5 ಸೆಕೆಂಡಿನ ಟೈಮ್‌ಔಟ್ ದಿನವೂ ಮುಗಿಯುತ್ತಿದ್ದರೆ ಹೊರಡುವ ಹೊತ್ತಾಯಿತು.

ಹೊರಡುವಾಗ ಮೊದಲು ಎಲ್ಲ ಟೇಬಲ್‌ಗಳನ್ನೂ ಸ್ಟ್ರಿಕ್ಟ್ ರೂಪಕ್ಕೆ ನಕಲಿಸಿ. ಸಂಖ್ಯೆಯ ಕಾಲಂನಲ್ಲಿ ಸೇರಿಕೊಂಡ ಅಕ್ಷರಗಳು ಅಲ್ಲೇ ದೋಷವಾಗಿ ಹೊರಬರುತ್ತವೆ. ಆಮೇಲೆ ‘ಫಾರಿನ್ ಕೀ ಚೆಕ್’ ಪ್ರಾಗ್ಮಾ ಓಡಿಸಿ ಬೇರೆ ಟೇಬಲ್‌ನಲ್ಲಿ ಇಲ್ಲದ ಸಾಲನ್ನು ಸೂಚಿಸುವ ಸಾಲುಗಳನ್ನು ಹುಡುಕಿ ತಿದ್ದಿ. ಕೊನೆಗೆ, ಕೋಡಿನಲ್ಲಿ ಒಂದು ಪುಟಕ್ಕೆ ನೂರಾರು ಸಣ್ಣ ಕ್ವೆರಿ ಮಾಡುತ್ತಿರುವ ಜಾಗಗಳನ್ನು ಪಟ್ಟಿ ಮಾಡಿ. ಸರ್ವರ್‌ಗೆ ಹೋದ ಮೇಲೆ ಪ್ರತಿ ಕ್ವೆರಿಗೂ ಒಂದು ಹೋಗಿಬರುವ ಪ್ರಯಾಣ ಇರುತ್ತದೆ, ಮೊದಲು ನಿಧಾನವಾಗುವುದು ಆ ಪುಟಗಳೇ.